ಅರ್ಥವಾಗುವಂತೆ ಹೇಳುವುದೂ ಒಂದು ಸೇವೆ



ಇವತ್ತು ಧರ್ಮಕೇಂದ್ರದ ಬರೆಯುವ ಕೆಲಸವೆಲ್ಲ ಹೆಚ್ಚುಕಡಿಮೆ ಯುವಜನರ ಕೈಗೆ ಬಂದಿದೆ. ಪೂಜೆಯಲ್ಲಿ ಹಾಡಿನ ಸಾಲುಗಳನ್ನು ಗೋಡೆಯ ಮೇಲೆ ತೋರಿಸುವುದು, ಧರ್ಮೋಪದೇಶ ತರಗತಿಗೆ ವಿಡಿಯೋ ಮಾಡುವುದು, ಆರೋಗ್ಯ ಶಿಬಿರಕ್ಕೆ ಕರಪತ್ರ ಬರೆಯುವುದು, ವಾಟ್ಸಾಪ್ ಗುಂಪಿಗೆ ಸೂಚನೆ ಕಳಿಸುವುದು, ಎಲ್ಲವನ್ನೂ ನಾವೇ ಮಾಡುತ್ತೇವೆ. ಉತ್ಸಾಹಕ್ಕೂ ಕೊರತೆಯಿಲ್ಲ. ಬಣ್ಣ ಬಣ್ಣದ ಸ್ಲೈಡು, ಹಾರಿ ಬರುವ ಅಕ್ಷರ, ಹಿನ್ನೆಲೆಯಲ್ಲಿ ಸಂಗೀತ ಎಲ್ಲ ಇರುತ್ತದೆ. ಕಾರ್ಯಕ್ರಮ ಮುಗಿದ ಮೇಲೆ ಕೇಳಬೇಕಾದ ಪ್ರಶ್ನೆ ಮಾತ್ರ ಒಂದೇ: ಎದುರಿಗೆ ಕೂತಿದ್ದವರಿಗೆ ತಿಳಿಯಿತೇ?

ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಸೀಮೆಯಲ್ಲಿ ಈ ಪ್ರಶ್ನೆ ಬೇರೆ ಕಡೆಗಿಂತ ಕಷ್ಟದ್ದು. ಸ್ಲೈಡು ಹೇಗೆ ಮಾಡಬೇಕು, ಪಾಠ ಹೇಗೆ ಕಟ್ಟಬೇಕು, ಸೂಚನೆ ಹೇಗೆ ಬರೆಯಬೇಕು ಎಂದು ಹೇಳುವ ಪುಸ್ತಕಗಳು ಬೇಕಾದಷ್ಟಿವೆ. ಕೇಳುವವರು ತಾವು ಆಡುವ ಭಾಷೆಯನ್ನೇ ಓದುತ್ತಾರೆ ಎಂದುಕೊಂಡು ಬರೆದ ಪುಸ್ತಕಗಳು ಅವು. ನಮ್ಮಲ್ಲಿ ಹಾಗಿಲ್ಲ.

ಮನೆಯ ಮಾತು ಒಂದು, ಓದುವ ಅಕ್ಷರ ಇನ್ನೊಂದು

1956ರ ನವೆಂಬರ್ 1ರಂದು ಹೈದರಾಬಾದ್ ರಾಜ್ಯ ಮೂರು ಪಾಲಾಯಿತು. ಬೀದರ್ ಜಿಲ್ಲೆಯ ಒಂದು ಭಾಗ ಮೈಸೂರು ರಾಜ್ಯಕ್ಕೆ ಹೋಯಿತು. ಅದೇ ಜಿಲ್ಲೆಯ ನಾರಾಯಣಖೇಡ್ ತಾಲೂಕು, ನಿರ್ಣಾ ಭಾಗವನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲೂಕು ಆಂಧ್ರಕ್ಕೆ ಬಂದವು. ಗುಲ್ಬರ್ಗ ಜಿಲ್ಲೆಯಲ್ಲಿದ್ದ ತಾಂಡೂರು ತಾಲೂಕೂ ಹಾಗೆಯೇ ಬಂತು. ನಕ್ಷೆಯಲ್ಲಿ ಗೆರೆ ಬಿತ್ತು, ಮನೆಯೊಳಗಿನ ಮಾತು ಬದಲಾಗಲಿಲ್ಲ. ಇವತ್ತಿಗೂ ಬೀದರ್, ಚಿಂಚೋಳಿ, ಸೇಡಂ ಕಡೆಯಿಂದ ಹೆಣ್ಣು ತರುತ್ತೇವೆ, ಆ ಕಡೆಗೆ ಕೊಡುತ್ತೇವೆ. ಅಡುಗೆಮನೆಯಲ್ಲಿ ಕನ್ನಡ, ಸಂತೆಯಲ್ಲಿ ತೆಲುಗು, ಬಸ್ ನಿಲ್ದಾಣದಲ್ಲಿ ದಖನಿ ಉರ್ದು.

ಓದುವ ಅಕ್ಷರದ ಕಥೆ ಬೇರೆ. ಇಲ್ಲಿನ ಹೆಚ್ಚಿನ ಮಕ್ಕಳು ತೆಲುಗು ಇಲ್ಲವೇ ಇಂಗ್ಲಿಷ್ ಮಾಧ್ಯಮದಲ್ಲಿ ಓದುತ್ತಾರೆ. 2018ರ ತೆಲಂಗಾಣ ಕಾಯ್ದೆ 1ರಿಂದ 10ನೇ ತರಗತಿವರೆಗೆ ಎಲ್ಲ ಶಾಲೆಗಳಲ್ಲೂ ತೆಲುಗನ್ನು ಹಂತಹಂತವಾಗಿ ಕಡ್ಡಾಯ ಮಾಡಿತು. ಇದರಿಂದ ಒಂದೇ ಬೆಂಚಿನಲ್ಲಿ ಕೂತ ಮೂವರ ಸ್ಥಿತಿ ಮೂರು ಬಗೆ. ಅಜ್ಜಿಗೆ ಕನ್ನಡ ಮಾತು ಬರುತ್ತದೆ, ಯಾವ ಅಕ್ಷರವೂ ಬರುವುದಿಲ್ಲ. ಬೀದರ್ ಕಡೆಯಿಂದ ಮದುವೆಯಾಗಿ ಬಂದ ಅತ್ತಿಗೆಗೆ ಕನ್ನಡ ಓದಲು ಬರುತ್ತದೆ, ತೆಲುಗು ಬರುವುದಿಲ್ಲ. ಒಂಬತ್ತನೇ ತರಗತಿಯ ತಮ್ಮ ಮನೆಯಲ್ಲಿ ಆಡುವುದು ಕನ್ನಡ, ಓದುವುದು ತೆಲುಗು. ಗೋಡೆಯ ಮೇಲೆ ಕನ್ನಡ ಅಕ್ಷರ ತುಂಬಿದರೆ ತಮ್ಮ ಹೊರಗುಳಿಯುತ್ತಾನೆ, ತೆಲುಗು ತುಂಬಿದರೆ ಅತ್ತಿಗೆ. ಯಾವುದನ್ನು ತುಂಬಿದರೂ ಅಜ್ಜಿ ಹೊರಗೇ.

ಹಾಗಾದರೆ ದಾರಿ ಏನು? ನಮ್ಮ ಅಭಿಪ್ರಾಯ ಇಷ್ಟು: ಚಿತ್ರ ಎಲ್ಲರಿಗೂ ಒಂದೇ ಇರಲಿ, ಮಾತು ಮನೆಯದ್ದಾಗಿರಲಿ, ಅಕ್ಷರ ಕಡಿಮೆ ಇರಲಿ. ಮುಂದೆ ಹೇಳುವ ಸಲಹೆಗಳೆಲ್ಲ ಇದರಿಂದಲೇ ಹುಟ್ಟುತ್ತವೆ.

ಇದು ಹೊಸದಲ್ಲ, ನಮ್ಮ ನೆಲದಲ್ಲೇ ನಡೆದದ್ದು

ಇ-ಲರ್ನಿಂಗ್ ಎಂದರೆ ಮೊನ್ನೆ ಮೊನ್ನೆ ಬಂದದ್ದು ಎಂದು ಎಷ್ಟೋ ಜನ ತಿಳಿದಿದ್ದಾರೆ. 1975ರ ಆಗಸ್ಟ್ 1ರಿಂದ 1976ರ ಜುಲೈ 31ರವರೆಗೆ ನಮ್ಮ ದೇಶದಲ್ಲಿ 'ಸೈಟ್' ಎಂಬ ಉಪಗ್ರಹ ದೂರದರ್ಶನ ಪ್ರಯೋಗ ನಡೆಯಿತು. ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿಗೆ ಪಾಠ, ಬೇಸಾಯ, ಆರೋಗ್ಯದ ಕಾರ್ಯಕ್ರಮಗಳು ನಾಸಾದ ಎಟಿಎಸ್-6 ಉಪಗ್ರಹದ ಮೂಲಕ ಬಂದವು. ಕರ್ನಾಟಕದ ಪಾಲಿನಲ್ಲಿ ಗುಲ್ಬರ್ಗ ಜಿಲ್ಲೆಯ ಹಳ್ಳಿಗಳೂ ಇದ್ದವು. ಆ ಕನ್ನಡ ಕಾರ್ಯಕ್ರಮಗಳು ತಯಾರಾದದ್ದು ಹೈದರಾಬಾದಿನಲ್ಲಿ, ತೆಲುಗು ಕಾರ್ಯಕ್ರಮಗಳ ಜೊತೆಗೇ. ಒಂದು ಚಿತ್ರದೊಂದಿಗೆ ಎರಡು ಧ್ವನಿ ಕಳಿಸುವ ಸೌಲಭ್ಯ ಆ ವ್ಯವಸ್ಥೆಯಲ್ಲಿತ್ತು. ಒಂದೇ ಚಿತ್ರ, ಎರಡು ಭಾಷೆ! ನಮ್ಮ ಸಮಸ್ಯೆಗೆ ಉತ್ತರ ಅರ್ಧ ಶತಮಾನದ ಹಿಂದೆಯೇ ನಮ್ಮ ತಲೆಯ ಮೇಲೆ ಹಾದುಹೋಗಿದೆ.

ಆ ಪ್ರಯೋಗದಲ್ಲಿ ದುಡಿದವರಲ್ಲಿ ಮೈಸೂರಿನ ಪಿ. ವಿ. ಸತೀಶ್ ಒಬ್ಬರು. ಮುಂದೆ ಅವರು ಜಹೀರಾಬಾದ್ ಬಳಿಯ ಪಸ್ತಾಪುರದಲ್ಲಿ ಡೆಕ್ಕನ್ ಡೆವಲಪ್‌ಮೆಂಟ್ ಸೊಸೈಟಿಯನ್ನು ಕಟ್ಟಿದವರಲ್ಲಿ ಒಬ್ಬರಾದರು. ಸಿರಿಧಾನ್ಯಕ್ಕಾಗಿ ದುಡಿದು 2023ರ ಮಾರ್ಚಿನಲ್ಲಿ ತೀರಿಕೊಂಡರು. ಆ ಸಂಸ್ಥೆಯ ದಲಿತ ಮಹಿಳೆಯರು 2008ರಲ್ಲಿ ಮಾಚನೂರಿನಲ್ಲಿ 'ಸಂಘಂ ರೇಡಿಯೋ' ಶುರು ಮಾಡಿದರು. ಶಾಲೆಯ ಮೆಟ್ಟಿಲು ಹತ್ತದ ಹೆಂಗಸರು ವಿಡಿಯೋ ಕ್ಯಾಮೆರಾ ಹಿಡಿದರು. ಕ್ಯಾಮೆರಾ ಇಡುವ ಕೋನಗಳಿಗೆ ಇಂಗ್ಲಿಷ್ ಹೆಸರು ಬೇಡವೆಂದು ತಮ್ಮದೇ ಹೆಸರಿಟ್ಟರು. ಒಬ್ಬರು ಮೇಲೆ, ಇನ್ನೊಬ್ಬರು ಕೆಳಗೆ ಎನ್ನುವಂತೆ ಕಾಣುವ ಕೋನ 'ಪಟೇಲ್ ಶಾಟ್'. ಸಂಘದಲ್ಲಿ ಎದುರುಬದುರು ಕೂತಂತೆ, ಕಣ್ಣಿಗೆ ಕಣ್ಣು ಸಮನಾದ ಕೋನ 'ಸಂಘಂ ಶಾಟ್'.

ಕಲಿಸುವವರೆಲ್ಲ ನೆನಪಿಡಬೇಕಾದ ಮಾತು ಇದು. ನಮ್ಮ ಸ್ಲೈಡು, ಪಾಠ, ಕರಪತ್ರ ಪಟೇಲನಂತೆ ಮೇಲಿಂದ ಮಾತಾಡುತ್ತವೆಯೋ, ಪಕ್ಕದಲ್ಲಿ ಚಾಪೆಯ ಮೇಲೆ ಕೂತು ಮಾತಾಡುತ್ತವೆಯೋ?

ಸೂಚನೆ ಬರೆಯುವುದು ಹೇಗೆ

ಜಹೀರಾಬಾದಿನ ಕಾರ್ಖಾನೆಯಿಂದ ಹೊರಬೀಳುವ ಪ್ರತಿ ಟ್ರ್ಯಾಕ್ಟರಿನ ಜೊತೆ ಒಂದು ಕೈಪಿಡಿ ಹೋಗುತ್ತದೆ. ಅದನ್ನು ಯಾರೋ ಕೂತು ಬರೆದಿರುತ್ತಾರೆ. ಹೈದರಾಬಾದಿನ ಸಾಫ್ಟ್‌ವೇರ್ ಕಂಪನಿಗಳಲ್ಲಿ ಈ ಕೆಲಸ ಮಾಡುವವರನ್ನು ಟೆಕ್ನಿಕಲ್ ರೈಟರ್ ಎನ್ನುತ್ತಾರೆ. ದೊಡ್ಡ ಹೆಸರು ಕೇಳಿ ಹೆದರಬೇಕಿಲ್ಲ. ಒಂದು ಕೆಲಸವನ್ನು ಓದುವವರು ತಪ್ಪಿಲ್ಲದೆ ಮಾಡುವಂತೆ ಬರೆದುಕೊಡುವುದೇ ಆ ವಿದ್ಯೆ.

ಒಂದು ಉದಾಹರಣೆ ನೋಡೋಣ. ಮಗುವಿಗೆ ಭೇದಿಯಾದಾಗ ಓಆರ್‌ಎಸ್ ಕಲಸಿ ಕೊಡಬೇಕು. ಇದನ್ನು ಹೀಗೆ ಬರೆಯಬಹುದು: "ನಿರ್ಜಲೀಕರಣಕ್ಕೊಳಗಾದ ಶಿಶುವಿಗೆ ಸೂಕ್ತ ಪ್ರಮಾಣದ ಶುದ್ಧೀಕೃತ ಜಲದಲ್ಲಿ ಮಿಶ್ರಣಗೊಳಿಸಿದ ಪುನರ್ಜಲೀಕರಣ ದ್ರಾವಣವನ್ನು ನೀಡತಕ್ಕದ್ದು." ವ್ಯಾಕರಣದಲ್ಲಿ ತಪ್ಪಿಲ್ಲ, ಉಪಯೋಗವೂ ಇಲ್ಲ. ಅದನ್ನೇ ಹೀಗೆ ಬರೆಯಿರಿ:

1. ಸಾಬೂನು ಹಚ್ಚಿ ಕೈ ತೊಳೆಯಿರಿ.
2. ಪೊಟ್ಟಣದ ಮೇಲೆ ಎಷ್ಟು ನೀರು ಎಂದು ಬರೆದಿದೆ ನೋಡಿ. ದೊಡ್ಡದಕ್ಕೆ 1 ಲೀಟರ್, ಚಿಕ್ಕದಕ್ಕೆ 200 ಮಿಲಿ.
3. ಕಾಯಿಸಿ ಆರಿಸಿದ ನೀರನ್ನು ಅಷ್ಟೇ ಅಳತೆ ಮಾಡಿ ತೆಗೆದುಕೊಳ್ಳಿ.
4. ಪೊಟ್ಟಣ ಪೂರ್ತಿ ಸುರಿದು ಕಲಸಿ. ಅರ್ಧ ಉಳಿಸಬೇಡಿ.
5. ಚಮಚದಿಂದ ಸ್ವಲ್ಪ ಸ್ವಲ್ಪವಾಗಿ ಕುಡಿಸಿ.
6. ಒಂದು ದಿನ ಕಳೆದ ಮೇಲೆ ಉಳಿದದ್ದನ್ನು ಚೆಲ್ಲಿ, ಹೊಸದು ಕಲಸಿ.

ಎರಡನೇ ಸಾಲನ್ನು ಗಮನಿಸಿ. ಚಿಕ್ಕ ಪೊಟ್ಟಣವನ್ನು ಲೀಟರ್ ನೀರಿಗೆ ಹಾಕಿದರೆ ಉಪ್ಪಿನಂಶ ಸಾಲದು, ದೊಡ್ಡದನ್ನು ಒಂದು ಲೋಟಕ್ಕೆ ಹಾಕಿದರೆ ಉಪ್ಪು ಹೆಚ್ಚಾಗಿ ಮಗುವಿಗೆ ಅಪಾಯ. "ಸೂಕ್ತ ಪ್ರಮಾಣ" ಎಂದು ಬರೆದವರು ಈ ಅಪಾಯವನ್ನು ತಾಯಿಯ ತಲೆಗೆ ಕಟ್ಟಿ ಕೈ ತೊಳೆದುಕೊಂಡರು ಎಂದೇ ಅರ್ಥ.

ಇದರಲ್ಲಿ ಕಲಿಯಬೇಕಾದ ನಿಯಮಗಳು ನಾಲ್ಕು. ಒಂದು ಸಾಲಿಗೆ ಒಂದೇ ಕೆಲಸ. ಅಳತೆಯನ್ನು ಅಂಕಿಯಲ್ಲೇ ಹೇಳುವುದು. ಎಚ್ಚರಿಕೆಯನ್ನು ಕೊನೆಯಲ್ಲಿ ಹೇಳದೆ, ತಪ್ಪಾಗುವ ಜಾಗದಲ್ಲೇ ಹೇಳುವುದು. ಒಂದು ವಸ್ತುವಿಗೆ ಒಂದೇ ಹೆಸರು: ಮೊದಲ ಸಾಲಿನಲ್ಲಿ ಪೊಟ್ಟಣ, ಮೂರನೆಯದರಲ್ಲಿ ಪ್ಯಾಕೆಟ್, ಐದನೆಯದರಲ್ಲಿ ಸ್ಯಾಶೆ ಎಂದರೆ ಓದುವವರು ಮೂರು ವಸ್ತು ಹುಡುಕುತ್ತಾರೆ.

ಹೆಸರು ಮನೆಯಲ್ಲಿ ಬಳಸುವುದೇ ಆಗಿರಲಿ. ಪುಸ್ತಕದಲ್ಲಿ ಮೊಟ್ಟೆ, ನಮ್ಮಲ್ಲಿ ತತ್ತಿ. ಪುಸ್ತಕದಲ್ಲಿ ಕೀಟನಾಶಕ ಸಿಂಪಡಣೆ, ಹೊಲದಲ್ಲಿ ಎಣ್ಣಿ ಹೊಡೆಯುವುದು. ಕಂಪ್ಯೂಟರಿನ ಅನುವಾದ ಕೊಡುವುದು ಪುಸ್ತಕದ ಕನ್ನಡ. ಅದನ್ನು ಹಾಗೇ ಅಂಟಿಸದೆ ಒಮ್ಮೆ ಜೋರಾಗಿ ಓದಿ. ಮನೆಯಲ್ಲಿ ಯಾರೂ ಹಾಗೆ ಮಾತಾಡುವುದಿಲ್ಲ ಅನ್ನಿಸಿದರೆ ಬದಲಿಸಿ.

ಚಿತ್ರಕ್ಕೂ ಮಾತು ಬೇಕು

ತೊಗರಿ, ಹತ್ತಿ ಬೆಳೆಯುವ ನಮ್ಮ ಮನೆಗಳಲ್ಲಿ ಎಣ್ಣಿಯ ಡಬ್ಬಿ ಸಾಮಾನ್ಯ. ಡಬ್ಬಿಯ ಮೇಲೆ ಮೂಲೆಯ ಮೇಲೆ ನಿಂತ ಒಂದು ಚೌಕವಿರುತ್ತದೆ. ಅದರ ಕೆಳಗಿನ ಅರ್ಧ ಭಾಗದ ಬಣ್ಣ ವಿಷ ಎಷ್ಟು ಎಂದು ಹೇಳುತ್ತದೆ. ಕೆಂಪು ಅತ್ಯಂತ ವಿಷ, ಹಳದಿ ಅದಕ್ಕಿಂತ ಸ್ವಲ್ಪ ಕಡಿಮೆ, ನೀಲಿ ಮಧ್ಯಮ, ಹಸಿರು ಎಲ್ಲಕ್ಕಿಂತ ಕಡಿಮೆ. ಅಕ್ಷರ ಬಾರದವರಿಗೂ ತಿಳಿಯಲಿ ಎಂದು ಮಾಡಿದ ಒಳ್ಳೆಯ ಉಪಾಯ ಇದು. ಆದರೆ ಹಸಿರು ಎಂದರೆ ರಸ್ತೆಯ ದೀಪದಂತೆ "ಪರವಾಗಿಲ್ಲ, ಹೋಗು" ಎಂದು ತಿಳಿದರೆ? ಹಸಿರು ಡಬ್ಬಿಯೂ ವಿಷವೇ. ಅದಕ್ಕೂ ಮುಖಕ್ಕೆ ಬಟ್ಟೆ, ಕೈಗೆ ಚೀಲ ಬೇಕು. ಖಾಲಿಯಾದ ಮೇಲೆ ಅದರಲ್ಲಿ ನೀರು ತುಂಬಿಡಬಾರದು.

ಚಿತ್ರ ಹಾಕಿದ ಕೂಡಲೇ ಕೆಲಸ ಮುಗಿಯಿತು ಎಂದುಕೊಳ್ಳಬೇಡಿ. ಚಿತ್ರದ ಜೊತೆ ಒಂದು ಮನೆಮಾತು ಹೋಗಬೇಕು. ಈ ನಾಲ್ಕು ಬಣ್ಣಗಳನ್ನು ವಿವರಿಸುವ ಎರಡು ನಿಮಿಷದ ಕನ್ನಡ ಧ್ವನಿ ಸಂದೇಶ ನಮ್ಮ ಎಷ್ಟು ಮನೆಗಳಿಗೆ ಬೇಕಾಗಿದೆ ಎಂದು ಯೋಚಿಸಿ.

ಸ್ಲೈಡು ಮಾಡುವಾಗ

ಜಗತ್ತಿನ ಒಳ್ಳೆಯ ಸ್ಲೈಡುಗಳು ನಮ್ಮ ದೇವಾಲಯದ ಗೋಡೆಯ ಮೇಲೇ ಇವೆ: ಶಿಲುಬೆಯ ಹಾದಿ. ಹದಿನಾಲ್ಕು ಚಿತ್ರ, ಒಂದೊಂದರಲ್ಲೂ ಒಂದೇ ಘಟನೆ, ಕೆಳಗೆ ಒಂದು ಅಂಕಿ. ಅಜ್ಜಿ, ಅತ್ತಿಗೆ, ತಮ್ಮ ಮೂವರೂ ಒಟ್ಟಿಗೆ ಹೆಜ್ಜೆ ಹಾಕುತ್ತಾರೆ. ಹೇಳುವ ಗುರುಗಳು ಗೋಡೆಯನ್ನು ಓದುವುದಿಲ್ಲ, ಜನರ ಕಡೆ ನೋಡಿ ಮಾತಾಡುತ್ತಾರೆ. ಹೀಗೆಯೇ ನಾವೂ ಮಾಡಬಹುದು.

ಒಂದು ಸ್ಲೈಡಿಗೆ ಒಂದೇ ವಿಷಯ. ಪ್ಯಾರಾ ಬರೆದು ಅದನ್ನೇ ಓದಿ ಹೇಳುವುದಾದರೆ ಸ್ಲೈಡು ಯಾಕೆ, ಕಾಗದ ಹಂಚಿದರೆ ಸಾಕು.

ಅಕ್ಷರದ ಅಳತೆ 32ಕ್ಕಿಂತ ಕಡಿಮೆ ಬೇಡ. ಕನ್ನಡಕ್ಕೂ ತೆಲುಗಿಗೂ ಕೆಳಗೆ ಒತ್ತಕ್ಷರ, ಮೇಲೆ ಗುಡಿಸು ಇರುವುದರಿಂದ ಸಾಲುಗಳ ನಡುವೆ ಜಾಗ ಬಿಡಿ. ಇಂಗ್ಲಿಷಿಗೆ ಸಾಕಾಗುವ ಅಂತರ ನಮ್ಮ ಲಿಪಿಗೆ ಸಾಲದು.

ಹಗಲಿನಲ್ಲಿ ಕಿಟಕಿ ತೆರೆದ ಹಾಲಿನಲ್ಲಿ ತೋರಿಸುವುದಾದರೆ ಬಿಳಿ ಹಿನ್ನೆಲೆಗೆ ಕಪ್ಪು ಅಕ್ಷರವೇ ಒಳ್ಳೆಯದು. ಶಿಲುಬೆಯ ಚಿತ್ರದ ಮೇಲೆ ಹಳದಿ ಅಕ್ಷರ ನಿಮ್ಮ ಲ್ಯಾಪ್‌ಟಾಪಿನಲ್ಲಿ ಚೆಂದ ಕಾಣುತ್ತದೆ, ಕೊನೆಯ ಬೆಂಚಿಗೆ ಕಾಣುವುದಿಲ್ಲ. ಮೊದಲೇ ಹೋಗಿ ಕೊನೆಯ ಬೆಂಚಿನಲ್ಲಿ ಕೂತು ನೋಡಿ.

ಹಾಡಿನ ಸ್ಲೈಡಿನಲ್ಲಿ ಉಸಿರು ತೆಗೆದುಕೊಳ್ಳುವ ಕಡೆ ಸಾಲು ಮುರಿಯಿರಿ, ಪದದ ನಡುವೆ ಮುರಿಯಬೇಡಿ. ಮೇಲೆ ಕನ್ನಡ ಲಿಪಿ, ಕೆಳಗೆ ಅದೇ ಕನ್ನಡ ಹಾಡು ತೆಲುಗು ಲಿಪಿಯಲ್ಲಿ ಇರಲಿ. ಒಂದು ಲಿಪಿಯಿಂದ ಇನ್ನೊಂದಕ್ಕೆ ಬದಲಿಸಲು 'ಅಕ್ಷರಮುಖ'ದಂಥ ಉಚಿತ ಸಾಧನಗಳಿವೆ. ಬದಲಿಸಿದ ಮೇಲೆ ಒಮ್ಮೆ ಕಣ್ಣಾಡಿಸಿ. ಎರಡು ಲಿಪಿಗಳೂ ಒಂದೇ ಬೇರಿನವು. ಹೀಗೆ ಮೇಲೆ ಕೆಳಗೆ ನೋಡುತ್ತಾ ಹಾಡಿದರೆ ತೆಲುಗು ಬಲ್ಲ ಮಕ್ಕಳಿಗೆ ಕನ್ನಡ ಅಕ್ಷರ ತಾನಾಗಿಯೇ ಪರಿಚಯವಾಗುತ್ತದೆ. ಪೂಜೆಗೆ ಬಂದವರು ಅಕ್ಷರವನ್ನೂ ಕಲಿತು ಹೋದರೆ ಅದಕ್ಕಿಂತ ಒಳ್ಳೆಯದೇನಿದೆ?

ಯೂನಿಕೋಡ್ ಫಾಂಟನ್ನೇ ಬಳಸಿ. ಹಳೆಯ ಫಾಂಟುಗಳಲ್ಲಿ ಮಾಡಿದ ಸ್ಲೈಡು ಬೇರೆ ಕಂಪ್ಯೂಟರಿನಲ್ಲಿ ತೆರೆದಾಗ ಅರ್ಥವಿಲ್ಲದ ಚಿಹ್ನೆಗಳಾಗುತ್ತವೆ. ಒಂದು ಪಿಡಿಎಫ್ ಪ್ರತಿ ಪೆನ್‌ಡ್ರೈವಿನಲ್ಲಿರಲಿ. ಕರೆಂಟ್ ಹೋದರೂ ಹೇಳಬಲ್ಲೆವು ಎನ್ನುವಷ್ಟು ತಯಾರಿ ತಲೆಯಲ್ಲಿರಲಿ.

ಫೋನಿನ ಪಾಠ ಕಟ್ಟುವಾಗ

ಧರ್ಮೋಪದೇಶಕ್ಕಾಗಲಿ, ಪರೀಕ್ಷೆಯ ತಯಾರಿಗಾಗಲಿ, ಫೋನಿನಲ್ಲಿ ಪಾಠ ಮಾಡುವುದಾದರೆ ಮೊದಲು ಒಂದು ವಾಕ್ಯ ಬರೆದುಕೊಳ್ಳಿ: "ಈ ಪಾಠ ಮುಗಿದ ಮೇಲೆ ಇವರು ಇಂಥದ್ದನ್ನು ಮಾಡಬಲ್ಲರು." 'ತಿಳಿಯುವರು' ಎಂದು ಬರೆದರೆ ಸಾಲದು. 'ಮಾಡಬಲ್ಲರು' ಎಂದೇ ಇರಲಿ. ಆ ವಾಕ್ಯಕ್ಕೆ ಬೇಡವಾದದ್ದನ್ನೆಲ್ಲ ಬಿಟ್ಟುಬಿಡಿ.

ಪಾಠ ಐದು ನಿಮಿಷ ಮೀರದಿರಲಿ. ಮನೆಗೆ ಒಂದೇ ಫೋನು, ಅದೂ ಅಪ್ಪ ಹೊಲದಿಂದ ಬಂದ ಮೇಲೆ ಸಿಗುವುದು. ವಿಡಿಯೋ ಹಗುರವಾಗಿರಲಿ, ಒಮ್ಮೆ ಇಳಿಸಿಕೊಂಡರೆ ಇಂಟರ್ನೆಟ್ ಇಲ್ಲದೆಯೂ ನೋಡುವಂತಿರಲಿ. ಸಾಧ್ಯವಾದರೆ ಸೈಟ್ ಮಾಡಿದಂತೆ ಒಂದೇ ಚಿತ್ರಕ್ಕೆ ಕನ್ನಡದ ಧ್ವನಿ ಒಂದು, ತೆಲುಗಿನದು ಒಂದು ಮಾಡಿ. ಎರಡು ಪ್ರತಿ ಮಾಡಲು ಹೆಚ್ಚು ಸಮಯ ಬೇಕಿಲ್ಲ, ಪಕ್ಕದ ತೆಲುಗು ಸಭೆಯವರಿಗೂ ಉಪಯೋಗವಾಗುತ್ತದೆ.

ಕೊನೆಯ ಪ್ರಶ್ನೆ ನೆನಪಿನ ಪರೀಕ್ಷೆಯಾಗದಿರಲಿ. "ಓಆರ್‌ಎಸ್ ಎಂದರೇನು?" ಎಂದು ಕೇಳುವ ಬದಲು "ನಿಮ್ಮ ಕೈಯಲ್ಲಿ ಚಿಕ್ಕ ಪೊಟ್ಟಣವಿದೆ, ಎಷ್ಟು ನೀರು ತೆಗೆದುಕೊಳ್ಳುತ್ತೀರಿ?" ಎಂದು ಕೇಳಿ. ದಯಾಳು ಸಮಾರಿಯನ ಪಾಠವಾದರೂ ಅಷ್ಟೇ. ಎಷ್ಟು ಜನ ದಾಟಿ ಹೋದರು ಎಂದು ಕೇಳಿದರೆ ಅಂಕ ಬರುತ್ತದೆ. ನಮ್ಮ ಓಣಿಯಲ್ಲಿ ಯಾರನ್ನು ನಾವು ದಾಟಿ ಹೋಗುತ್ತೇವೆ ಎಂದು ಕೇಳಿದರೆ ಪಾಠ ಬರುತ್ತದೆ.

ಎಲ್ಲಕ್ಕೂ ಒಂದೇ ಪರೀಕ್ಷೆ: ಮಾಡಿದ್ದನ್ನು ಅಜ್ಜಿಯ ಮುಂದೆ, ಅತ್ತಿಗೆಯ ಮುಂದೆ, ತಮ್ಮನ ಮುಂದೆ ಇಡಿ. ಬಾಯಿ ಮುಚ್ಚಿಕೊಂಡು ನೋಡಿ. ಅವರು ಎಲ್ಲಿ ತಡವರಿಸುತ್ತಾರೋ ಅಲ್ಲಿ ತಪ್ಪು ಬರಹದ್ದು, ಅವರದ್ದಲ್ಲ.

ಕೆಲವರು ಹೀಗೆ ಕೇಳಬಹುದು

"ಇದು ತೆಲಂಗಾಣ, ಎಲ್ಲ ತೆಲುಗಿನಲ್ಲೇ ಇರಲಿ" ಎನ್ನುವವರಿದ್ದಾರೆ. ತೆಲುಗಿನೊಂದಿಗೆ ನಮಗೆ ಜಗಳವಿಲ್ಲ. ಅದು ನಮ್ಮ ನೆರೆಯವರ ಭಾಷೆ, ನಮ್ಮ ಮಕ್ಕಳಿಗೆ ಅನ್ನ ಕೊಡುವ ಭಾಷೆ. ಆದರೆ ಔಷಧ, ವಿಷ, ಹಣ, ವಿಶ್ವಾಸ ಈ ನಾಲ್ಕರ ವಿಷಯದಲ್ಲಿ ಅರ್ಧ ತಿಳಿದರೆ ಸಾಲದು. ಪೂರ್ತಿ ತಿಳಿಯುವುದು ತಾಯಿ ಆಡಿದ ಮಾತಿನಲ್ಲೇ.

"ಸಂಬಳ ಬರುವುದು ಇಂಗ್ಲಿಷಿನಿಂದ, ಇದೆಲ್ಲ ಯಾಕೆ?" ಎನ್ನುವ ಹೆತ್ತವರೂ ಇದ್ದಾರೆ. ನಿಜ, ಇಂಗ್ಲಿಷ್ ಕಲಿಯಲೇಬೇಕು. ಆದರೆ ಓದುವವರು ಯಾರು, ಅವರು ಮಾಡಬೇಕಾದದ್ದೇನು, ಎಲ್ಲಿ ಎಡವುತ್ತಾರೆ ಎಂದು ಯೋಚಿಸುವ ಬುದ್ಧಿ ಯಾವ ಭಾಷೆಯಲ್ಲಿ ಕಲಿತರೂ ಒಂದೇ. ಮೂರು ಭಾಷೆಯ ನಡುವೆ ಬೆಳೆದ ನಮ್ಮ ಮಕ್ಕಳಿಗೆ ಅದು ಅರ್ಧ ಹುಟ್ಟಿನಿಂದಲೇ ಬಂದಿದೆ. ಧರ್ಮಕೇಂದ್ರಕ್ಕೆ ಮಾಡಿದ ಹತ್ತು ಒಳ್ಳೆಯ ಪಾಠಗಳನ್ನು ನಾಳೆ ಕೆಲಸ ಕೇಳುವಾಗ ಧೈರ್ಯದಿಂದ ತೋರಿಸಬಹುದು.

ನಮಗೆ ಇದು ಕೌಶಲ ಮಾತ್ರವಲ್ಲ

ಸಂತ ಲೂಕರು ತಮ್ಮ ಶುಭಸಂದೇಶದ ಆರಂಭದಲ್ಲೇ, ಎಲ್ಲವನ್ನೂ ವಿಚಾರಿಸಿ, ಓದುವವರಿಗೆ ಖಚಿತವಾಗಿ ತಿಳಿಯುವಂತೆ ಕ್ರಮವಾಗಿ ಬರೆಯುತ್ತಿದ್ದೇನೆ ಎಂಬ ಅರ್ಥದಲ್ಲಿ ಹೇಳುತ್ತಾರೆ. ಸಂತ ಪೌಲರು ಕೊರಿಂಥದವರಿಗೆ, ಯಾರಿಗೂ ತಿಳಿಯದ ಸಾವಿರಾರು ಮಾತಿಗಿಂತ ಸಭೆಗೆ ತಿಳಿಯುವ ನಾಲ್ಕೈದು ಮಾತು ಮೇಲು ಎಂದು ತಿಳಿಸುತ್ತಾರೆ. ಪೆಂತಕೋಸ್ತ್ ದಿನ ಜನರು ಬೆರಗಾದದ್ದು ತಂತಮ್ಮ ಭಾಷೆಯಲ್ಲೇ ಕೇಳಿಸಿತು ಎಂಬುದಕ್ಕೆ. ಯೇಸು ಸ್ವಾಮಿ ಬೀಜ, ಹುಳಿಹಿಟ್ಟು, ದೀಪ, ಬಲೆ ಹಿಡಿದು ಕಲಿಸಿದರು. ಎಲ್ಲ ಕೇಳುವವರ ಮನೆಯಲ್ಲಿದ್ದ ವಸ್ತುಗಳೇ. 1963ರಲ್ಲಿ ಎರಡನೇ ವ್ಯಾಟಿಕನ್ ಮಹಾಸಭೆ ಪೂಜೆಯಲ್ಲಿ ಜನರ ಭಾಷೆಗೆ ದಾರಿ ತೆರೆಯಿತು. ಲತೀನಿನಿಂದ ಕನ್ನಡಕ್ಕೆ ಬಂದ ಪೂಜೆಯನ್ನು ನಾವು ಓದಲಾಗದ ಸ್ಲೈಡಿನಲ್ಲಿ ಮತ್ತೆ ದೂರ ಮಾಡಬಾರದು.

ಆದ್ದರಿಂದ ಪ್ರತಿ ಯುವಕೂಟಕ್ಕೂ ನಮ್ಮ ಕೋರಿಕೆ ಇದು. ಮುಂದಿನ ಮಳೆಗಾಲದೊಳಗೆ ಮೂರು ವಸ್ತು ತಯಾರಿಸಿ: ಓಆರ್‌ಎಸ್ ಕಲಸುವ ಒಂದು ಹಾಳೆ, ಎಣ್ಣಿ ಡಬ್ಬಿಯ ಬಣ್ಣಗಳ ಬಗ್ಗೆ ಎರಡು ನಿಮಿಷದ ಧ್ವನಿ, ಎರಡು ಲಿಪಿಯಲ್ಲಿ ಹತ್ತು ಹಾಡಿನ ಸ್ಲೈಡು. ಓಆರ್‌ಎಸ್ ಹಾಳೆಯನ್ನು ಮುದ್ರಿಸುವ ಮೊದಲು ನರ್ಸ್ ಸಿಸ್ಟರ್ ಒಬ್ಬರಿಗೆ ತೋರಿಸಿ, ಧ್ವನಿಯನ್ನು ಹಂಚುವ ಮೊದಲು ಅನುಭವಿ ರೈತರೊಬ್ಬರಿಗೆ ಕೇಳಿಸಿ. ಹಿರಿಯರೇ, ನೀವು ಪರೀಕ್ಷಕರಾಗಿ. ತಿಳಿಯದಿದ್ದರೆ ಸಂಕೋಚಪಡದೆ "ತಿಳೀಲಿಲ್ಲಪ್ಪ, ಇನ್ನೊಮ್ಮೆ ಹೇಳು" ಅನ್ನಿ. ನಮ್ಮ ಬರಹ ತಿದ್ದಿಕೊಳ್ಳುವುದು ಆ ಮಾತಿನಿಂದಲೇ.